ತೊಟ್ಟಿ, ಬಾವಿ ಮತ್ತು ಇಲಿ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಸ್ಥಾಪನೆ, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರು, ಕನ್ಯಾಸ್ತ್ರೀಯರು, ಶಾಲೆ, ಭಕ್ತಸಂಘಗಳು ಇವುಗಳ ವಿಷಯವಾಗಿ ಬಲ್ಲವರು ವಿಸ್ತಾರವಾಗಿ ಬರೆದಿದ್ದಾರೆ. ಅದನ್ನೇ ನಾವು ಮತ್ತೆ ಹೇಳಹೋಗುವುದಿಲ್ಲ. ಒಂದು ದೇವಾಲಯದ ಚರಿತ್ರೆಯು ಅದರ ಆವರಣದ ಗೋಡೆಯೊಳಗೇ ಮುಗಿಯುವುದಿಲ್ಲವಷ್ಟೆ. ಅದರ ಗಂಟೆಯ ನಾದ ಎಷ್ಟು ದೂರ ಕೇಳುವುದೋ ಅಷ್ಟು ದೂರದ ಬೀದಿ, ಓಣಿ, ನಲ್ಲಿ, ಚರಂಡಿಗಳೂ ಆ ಚರಿತ್ರೆಗೆ ಸೇರಿದವು. ಆದುದರಿಂದ ಬೆಂಗಳೂರಿನ ಈ ದಂಡು ಪ್ರದೇಶದ ದಿನಬಳಕೆಯ ಮೂರು ಸಾಮಾನ್ಯ ಸಂಗತಿಗಳನ್ನು, ಅಂದರೆ ನೀರಿನ ತೊಟ್ಟಿ, ಸೇದುವ ಬಾವಿ ಮತ್ತು ಮನೆಯ ಇಲಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿತು. ಈ ಮೂರೂ ನಮ್ಮ ಹಿರಿಯರ ಪ್ರಾಣಕ್ಕೆ ಸಂಚಕಾರ ತಂದವು. ಈ ಮೂರರಿಂದಲೇ ಲೋಕೋಪಕಾರವಾದ ಅರಿವೂ ಹುಟ್ಟಿತು.

ನಮ್ಮ ಮನೆಯಲ್ಲೇ ಕಂಡದ್ದು

ಈ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಅದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು.

2024ರ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಡೆಂಗಿ ಜ್ವರವು ಹೆಚ್ಚಿ, ಆ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದುದು ವಾಚಕರಿಗೆ ನೆನಪಿರಬಹುದು. ಆ ದಿನಗಳಲ್ಲಿ ನಮ್ಮ ವಿಚಾರಣೆಯ ಹಲವು ಮನೆಗಳಲ್ಲಿ ಮಕ್ಕಳು ಮಲಗಿದ್ದರು. ಒಂದು ಭಾನುವಾರದ ದಿವ್ಯ ಬಲಿಪೂಜೆಯಲ್ಲಿ ಜ್ವರಪೀಡಿತರಿಗಾಗಿ ವಿಶೇಷವಾಗಿ ಪ್ರಾರ್ಥಿಸಿದೆವು. ಮರುದಿನ ಬೆಳಿಗ್ಗೆ ಒಬ್ಬ ಆಶಾ ಕಾರ್ಯಕರ್ತೆ ಗುರುನಿವಾಸದ ಬಾಗಿಲಿಗೆ ಬಂದು, ‘ಫಾದರ್, ಎಲ್ಲಾದರೂ ನೀರು ನಿಂತಿದೆಯೇ, ನೋಡಬೇಕು’ ಎಂದರು. ‘ಇಲ್ಲಿ ಅಂಥದ್ದೇನೂ ಇಲ್ಲಮ್ಮ’ ಎಂದೆವು. ಆ ತಾಯಿ ನಮ್ಮ ಮಾತಿಗೆ ಎದುರಾಡಲಿಲ್ಲ. ಆದರೆ ಹಿಂದಿರುಗಲೂ ಇಲ್ಲ. ಅಡಿಗೆಮನೆಯ ಹಿಂದಿದ್ದ ಸಿಮೆಂಟ್ ತೊಟ್ಟಿಯೊಳಗೆ ಟಾರ್ಚ್ ಬಿಟ್ಟು ನಮ್ಮನ್ನು ಕರೆದು ತೋರಿಸಿದರು. ನೀರಿನ ತುಂಬ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವು. ಮಾತೆ ಮರಿಯಮ್ಮನವರ ಗವಿಯ ಮುಂದಿನ ಹೂದಾನಿಗಳಲ್ಲಿಯೂ ಅವೇ ಇದ್ದವು. ಜ್ವರ ಹೋಗಲೆಂದು ಪ್ರಾರ್ಥಿಸಿದ ಪೀಠದಿಂದ ನೂರು ಹೆಜ್ಜೆಯ ಒಳಗೇ ನಾವು ಜ್ವರವನ್ನು ಸಾಕಿಕೊಂಡಿದ್ದೆವು.

ತೊಟ್ಟಿಯನ್ನು ಅಂದೇ ಬರಿದು ಮಾಡಿಸಿದೆವು. ಆದರೆ ಆ ತೊಟ್ಟಿಯು ನಮಗೆ ಹಿಂದೆಂದೋ ಓದಿದ ಇನ್ನೊಂದು ತೊಟ್ಟಿಯನ್ನು ನೆನಪಿಗೆ ತಂದಿತು. ಅದು ಇದ್ದುದು ಇದೇ ದಂಡು ಪ್ರದೇಶದಲ್ಲಿ, 1883ರಲ್ಲಿ.

ತೊಟ್ಟಿ

ಅದಕ್ಕೆ ಮುನ್ನ ಈ ಪ್ರದೇಶದ ಪೂರ್ವಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಶ್ರೀರಂಗಪಟ್ಟಣದ ಹವೆಯಲ್ಲಿ ಜ್ವರಕ್ಕೆ ತುತ್ತಾಗುತ್ತಿದ್ದ ಬ್ರಿಟಿಷ್ ಸೈನ್ಯವನ್ನು 1809ರಲ್ಲಿ ಬೆಂಗಳೂರಿಗೆ ತಂದು ಇಳಿಸಿದರು. ಹೀಗೆ ಕೋಟೆ ಪೇಟೆಗಳ ಹಳೆಯ ಊರಿನ ಪಕ್ಕದಲ್ಲಿ ‘ದಂಡು’ ಎಂಬ ಹೊಸ ಊರು ಹುಟ್ಟಿತು. ಸೈನ್ಯದ ಬೆನ್ನಿಗೆ ಅಡಿಗೆಯವರು, ಬಟ್ಲರುಗಳು, ಅಗಸರು, ದರ್ಜಿಗಳು, ಗಾಡಿಯವರು, ಗಾರೆಯವರು, ವ್ಯಾಪಾರಿಗಳು ಬಂದು ನೆಲೆಸಿದರು. ಒಂದೇ ಓಣಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತಿದ್ದವು, ಇಂದಿಗೂ ಕೇಳಿಬರುತ್ತವೆ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿದಾಗಲೂ ದಂಡು ಪ್ರದೇಶ ಮಾತ್ರ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಎರಡು ಊರುಗಳ ಪೌರಾಡಳಿತವು ಒಂದಾದದ್ದು ಸ್ವಾತಂತ್ರ್ಯಾನಂತರ, 1949ರಲ್ಲಿ.

1883ರಲ್ಲಿ ಈ ದಂಡಿಗೆ ಹಂಗಾಮಿ ಸೈನ್ಯವೈದ್ಯರಾಗಿ ಬಂದವರು ಇಪ್ಪತ್ತಾರು ವರ್ಷದ ತರುಣ, ರೊನಾಲ್ಡ್ ರಾಸ್. ಹಿಮಾಲಯದ ಅಲ್ಮೋರಾದಲ್ಲಿ ಹುಟ್ಟಿದವರು. ವೈದ್ಯಕ್ಕಿಂತ ಕಾವ್ಯ ಸಂಗೀತಗಳಲ್ಲಿ ಅವರಿಗೆ ಹೆಚ್ಚು ಆಸಕ್ತಿ. ವಾಸಕ್ಕೆ ಸಿಕ್ಕಿದ ಬಂಗಲೆ ಹಿತವಾಗಿತ್ತು; ಆದರೆ ಸೊಳ್ಳೆಗಳ ಕಾಟ ವಿಪರೀತ. ಉಳಿದ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಇವು ಹೆಚ್ಚೇಕೆ ಎಂದು ಅವರು ಯೋಚಿಸಿದರು. ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿಯಿತ್ತು. ಅದರೊಳಗೆ ಮರಿಹುಳುಗಳು ಹೊರಳಾಡುತ್ತಿದ್ದವು. ರಾಸ್ ತೊಟ್ಟಿಯನ್ನು ಮಗುಚಿ ಹಾಕಿದರು. ಕೆಲವೇ ದಿನಗಳಲ್ಲಿ ಸೊಳ್ಳೆಯ ಕಾಟ ಇಳಿಯಿತು.

ಇಷ್ಟೇ ಆಗಿದ್ದರೆ ಅದು ನಮಗೆ ಕಥೆಯಾಗುತ್ತಿರಲಿಲ್ಲ. ರಾಸ್ ಸಂತೋಷದಿಂದ ಹೋಗಿ ಸೈನ್ಯದ ಒಬ್ಬ ಅಧಿಕಾರಿಗೆ ಇದನ್ನು ತಿಳಿಸಿ, ಭೋಜನಶಾಲೆಯ ತೊಟ್ಟಿಗಳನ್ನೂ ಊಟದ ಮೇಜಿನ ಕಾಲಡಿಯ ನೀರಿನ ಡಬ್ಬಿಗಳನ್ನೂ ಹೂದಾನಿಗಳನ್ನೂ ಹೀಗೆಯೇ ಬರಿದು ಮಾಡಿಸೋಣವೆಂದರು. ಅಧಿಕಾರಿಯು ಒಪ್ಪಲಿಲ್ಲ. ಹಾಗೆ ಮಾಡುವುದು ಸೃಷ್ಟಿಯ ಕ್ರಮವನ್ನು ಕೆಡಿಸಿದಂತೆ. ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕಾಗಿಯೇ ಸೃಷ್ಟಿಸಲಾಗಿದೆ. ಅದನ್ನು ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ, ಎಂಬುದು ಅವನ ವಾದ. ರಾಸ್ ತಮ್ಮ ಆತ್ಮಚರಿತ್ರೆಯಲ್ಲಿ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ.

ದೈವಶಾಸ್ತ್ರವನ್ನು ಹಲವು ವರ್ಷ ಓದಿದ ನಮಗೆ ಈ ವಾದವು ನಗೆಯನ್ನೂ ಅಂಜಿಕೆಯನ್ನೂ ಒಟ್ಟಿಗೆ ತರುತ್ತದೆ. ಸೊಳ್ಳೆಯನ್ನು ಸೃಷ್ಟಿಸಿದ ದೇವರು ತೊಟ್ಟಿಯನ್ನು ಮಗುಚುವ ಕೈಯನ್ನೂ, ಮಗುಚಬೇಕೆಂದು ತಿಳಿಯುವ ಬುದ್ಧಿಯನ್ನೂ ಸೃಷ್ಟಿಸಿದ್ದಾನೆ. ನಮ್ಮ ಸೋಮಾರಿತನಕ್ಕೆ ದೇವರ ಚಿತ್ತವೆಂಬ ಹೆಸರಿಡುವುದು ಭಕ್ತಿಯಾಗಲಾರದು.

ಸೊಳ್ಳೆಯಿಂದ ರೋಗ ಹರಡುವುದೆಂಬುದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧವಿರಬಹುದೆಂಬ ಊಹೆಯನ್ನು ಅವರ ಮುಂದಿಟ್ಟರು. ಮೂರು ವರ್ಷಗಳ ಪರಿಶ್ರಮದ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಅವರು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಸೊಳ್ಳೆಯನ್ನು ಅದರ ತೊಟ್ಟಿಲಲ್ಲೇ ತಡೆಯಬೇಕೆಂಬ ಪಾಠದ ಮೊದಲ ಅಕ್ಷರವನ್ನು ಅವರು ತಿದ್ದಿದ್ದು ಬೆಂಗಳೂರಿನ ದಂಡಿನಲ್ಲಿ.

ಬಾವಿ

ಸಿಕಂದರಾಬಾದಿನ ಆ ದಿನಕ್ಕೆ ಎರಡು ವರ್ಷ ಮೊದಲು, 1895ರ ಸೆಪ್ಟೆಂಬರಿನಲ್ಲಿ, ರಾಸ್ ಅವರು ಮಲೇರಿಯಾದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಮತ್ತೆ ಬೆಂಗಳೂರಿಗೆ ಬರಬೇಕಾಯಿತು. ದಂಡು ಪ್ರದೇಶದಲ್ಲಿ ಕಾಲರಾ ಹಬ್ಬಿತ್ತು. ರೋಗವನ್ನು ತಡೆದು ಊರಿನ ನೈರ್ಮಲ್ಯವನ್ನು ಸುಧಾರಿಸುವ ಹೊಣೆ ಅವರ ಮೇಲೆ ಬಿದ್ದಿತು. ಸೂಕ್ಷ್ಮದರ್ಶಕವನ್ನು ಬದಿಗಿಟ್ಟು ಓಣಿ ಓಣಿ ತಿರುಗಿ ಚರಂಡಿ ಬಾವಿಗಳನ್ನು ನೋಡುವುದೇ ಅವರ ಕೆಲಸವಾಯಿತು.

ಬೆಂಗಳೂರಿಗೆ ಜೀವನದಿಯಿಲ್ಲ. ಕೆರೆಗಳು, ಕಲ್ಯಾಣಿಗಳು ಮತ್ತು ಬಾವಿಗಳೇ ನಮ್ಮ ಪೂರ್ವಿಕರ ಜಲಾಧಾರ. ದಂಡಿನವರಿಗೆ ಹಲಸೂರು ಕೆರೆಯಿತ್ತು, ಮಿಲ್ಲರ್ಸ್ ಕೆರೆಗಳಿದ್ದವು, 1882ರಲ್ಲಿ ಸ್ಯಾಂಕಿ ಕೆರೆಯಾಯಿತು. ಆದರೂ ಬಡವರ ಓಣಿಗಳಲ್ಲಿ ಬಾವಿಯೇ ಗತಿ. ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆತ, ಅದರಾಚೆ ದನದ ಕೊಟ್ಟಿಗೆ, ಅದಕ್ಕೆ ತಾಗಿ ಕಕ್ಕಸಿನ ಗುಂಡಿ. ಮೊದಲ ಮಳೆಗೆ ಇವೆಲ್ಲವೂ ಒಂದೇ ನೀರಾಗುತ್ತಿದ್ದವು.

ಕಾಲರಾ ನೀರಿನಿಂದ ಹರಡುತ್ತದೆಂಬುದನ್ನು ಲಂಡನ್ನಿನ ಡಾ. ಜಾನ್ ಸ್ನೋ ಅವರು ಅಷ್ಟರಲ್ಲಾಗಲೇ ಹೇಳಿಹೋಗಿದ್ದರು. ಗುರುಗಳಾದ ನಮಗೆ ಆ ಕಥೆಯಲ್ಲಿ ಒಂದು ವಿಶೇಷ ಪಾಠವಿರುವುದರಿಂದ ಅದನ್ನಿಲ್ಲಿ ಹೇಳಬೇಕು. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯ ಬ್ರಾಡ್ ಬೀದಿಯ ಸುತ್ತ ಕೆಲವೇ ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಕಾಲರಾದಿಂದ ಸತ್ತರು. ಆ ಬೀದಿಯ ಕೈಪಂಪಿನ ನೀರೇ ಕಾರಣವೆಂದು ಸ್ನೋ ಹೇಳಿದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಲಾಯಿತು. ಆದರೆ ಹಲವರು ಅವರನ್ನು ನಂಬಲಿಲ್ಲ. ನಂಬದವರಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ಆಂಗ್ಲಿಕನ್ ಪಂಗಡದ ಕಿರಿಯ ಪಾದ್ರಿಯೂ ಒಬ್ಬರು. ಸ್ನೋ ಅವರ ಮಾತನ್ನು ಸುಳ್ಳೆಂದು ತೋರಿಸಲು ಅವರು ತಮಗೆ ಪರಿಚಿತವಾಗಿದ್ದ ಮನೆಗಳಿಗೆ ಒಂದೊಂದಾಗಿ ಹೋದರು. ಸತ್ತವರು ಯಾವ ನೀರು ಕುಡಿದರು, ತಂದವರಾರು, ಎಂದು ತಂದರು ಎಂದು ವಿಚಾರಿಸಿದರು. ಒಂದು ಮನೆಗೆ ನಾಲ್ಕೈದು ಸಲ ಹೋದದ್ದೂ ಉಂಟು. ವಿಚಾರಿಸುತ್ತ ಹೋದಂತೆ ಸ್ನೋ ಹೇಳಿದ್ದೇ ನಿಜವೆಂದು ಅವರಿಗೆ ಮನವರಿಕೆಯಾಯಿತು. ಪಂಪಿಗೆ ತೀರ ಹತ್ತಿರದ ಮನೆಯೊಂದರಲ್ಲಿ ಹಸುಗೂಸು ಮೊದಲು ಕಾಯಿಲೆ ಬಿದ್ದಿತ್ತು. ತಾಯಿಯು ಅದರ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಗುಂಡಿಗೆ ಸುರಿದಿದ್ದಳು. ಅಗೆದು ನೋಡಿದಾಗ ಆ ಗುಂಡಿಯ ಇಟ್ಟಿಗೆ ಸಡಿಲಿ ಕೊಳಕು ಬಾವಿಯ ಕಡೆಗೆ ಸೋರುತ್ತಿತ್ತು. ವೈಟ್‌ಹೆಡ್ ತಮ್ಮ ತಪ್ಪನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರು.

ವೈದ್ಯರ ಬುದ್ಧಿಗೆ ಸಿಕ್ಕಿದ ಸತ್ಯಕ್ಕೆ ಸಾಕ್ಷಿ ಒದಗಿದ್ದು ಪಾದ್ರಿಯ ಮನೆಭೇಟಿಯಿಂದ ಎಂಬುದನ್ನು ಗಮನಿಸಬೇಕು. ಆ ಮನೆಗಳ ಹೆಂಗಸರು ಅಪರಿಚಿತ ಅಧಿಕಾರಿಗೆ ಹೇಳದಿದ್ದುದನ್ನು ಪರಿಚಿತನಾದ ಪಾದ್ರಿಗೆ ಹೇಳಿದರು. ನೆರೆಹೊರೆಯ ಪರಿಚಯವೂ ಒಂದು ವಿದ್ಯೆಯೇ.

ಇತ್ತ ಬೆಂಗಳೂರಿನಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆಯಂತೆ 1896ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿಯ ನೀರು ಬಂದವು. ನಲ್ಲಿ ಬಂದ ಮೇಲೆ ಬಾವಿಗಳ ಮೇಲೆ ಚಪ್ಪಡಿ ಬಿದ್ದಿತು. ಕೆಲವು ಕಸದ ಗುಂಡಿಗಳಾದವು. ಕೆರೆಗಳ ಗತಿಯೂ ಅದೇ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ಮಿಲ್ಲರ್ಸ್ ಕೆರೆಯ ಹೆಸರು ರಸ್ತೆಯ ಫಲಕದಲ್ಲಿ ಮಾತ್ರ ಉಳಿಯಿತು. ನೀರು ದೂರದಿಂದ ಬರತೊಡಗಿದಾಗ ಕಾಲರಾದ ಭಯ ಕಡಿಮೆಯಾಯಿತು. ಜೊತೆಗೆ ಕಾಲಡಿಯ ನೀರಿನ ಮೇಲಿನ ಮಮತೆಯೂ ಕಡಿಮೆಯಾಯಿತು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತಾಗ ನಮ್ಮ ವಿಚಾರಣೆಯ ಒಬ್ಬ ಅಜ್ಜಿ, ‘ಗುರುನಿವಾಸದ ಹಿಂದೆ ಬಾವಿಯಿತ್ತಲ್ಲ ಸ್ವಾಮಿ, ಅದೇನಾಯಿತು?’ ಎಂದು ಕೇಳಿದರು. ಚಪ್ಪಡಿಯ ಕೆಳಗೆ ಅದು ಇನ್ನೂ ಇದೆ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳನ್ನು ಹೂಳೆತ್ತಿ ಮತ್ತೆ ನೀರು ಕಾಣುವಂತೆ ಮಾಡಿದ್ದಾರೆ. ಅಂಥ ಕೆಲಸ ನಮ್ಮಿಂದಲೂ ಆಗಬಹುದು.

ಇಲಿ

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಎರಡು ವರ್ಷಗಳ ಹಿಂದೆ, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಮಾಂಡ್ವಿ ಓಣಿಗಳಲ್ಲಿ ಅದನ್ನು ಮೊದಲು ಗುರುತಿಸಿ ಎಚ್ಚರಿಸಿದವರು ಗೋವೆಯ ಕಥೋಲಿಕ ವೈದ್ಯ ಡಾ. ಅಕಾಸಿಯೋ ವಿಯೇಗಾಸ್. ಅಲ್ಲಿಂದ ಅದು ರೈಲಿನ ದಾರಿ ಹಿಡಿದು ಹುಬ್ಬಳ್ಳಿ ಧಾರವಾಡಗಳ ಮೂಲಕ ಇಲ್ಲಿಗೆ ಬಂದಿತು.

‘ಇಲಿ ಬಿತ್ತು’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಮನೆ ಬಿಡಬೇಕು, ಊರಲ್ಲಿ ಬಿದ್ದರೆ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಬೇಕು ಎಂಬುದನ್ನು ಅಕ್ಷರವರಿಯದ ರೈತರೂ ಬಲ್ಲವರಾಗಿದ್ದರು. ಆದರೆ ಇಲಿಯ ರೋಗ ಮನುಷ್ಯನಿಗೆ ಬರುವುದು ಹೇಗೆಂಬುದು ಯಾರಿಗೂ ತಿಳಿದಿರಲಿಲ್ಲ. 1894ರಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಎಂಬವರು ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಅಣುಜೀವಿಯನ್ನು ಕಂಡುಹಿಡಿದಿದ್ದರು. 1897ರ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಅವರು ಮುಂಬಯಿಯಲ್ಲಿ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂ ಅವರು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರ ಜೂನಿನಲ್ಲಿ, ಅಂದರೆ ಬೆಂಗಳೂರಿಗೆ ಪ್ಲೇಗು ಬರುವುದಕ್ಕೆ ಎರಡೇ ತಿಂಗಳ ಮುಂಚೆ! ಆದರೆ ಹಲವು ವರ್ಷಗಳ ಕಾಲ ಅವರ ಮಾತನ್ನು ವಿದ್ವಾಂಸರು ಲೆಕ್ಕಕ್ಕಿಡಲಿಲ್ಲ.

ಹೀಗಾಗಿ ಅಂದಿನ ಅಧಿಕಾರಿಗಳು ಚಿಗಟವನ್ನು ಬಿಟ್ಟು ಮನುಷ್ಯರನ್ನು ಹಿಡಿಯಹೊರಟರು. ರೈಲು ಇಳಿದವರ ತಪಾಸಣೆ, ಮನೆಗಳ ಶೋಧನೆ, ರೋಗಿಗಳನ್ನೂ ಅವರ ನಂಟರನ್ನೂ ಶಿಬಿರಗಳಿಗೆ ಸಾಗಿಸುವುದು, ಸಾಮಾನು ಸುಡುವುದು, ಮನೆ ಕೆಡವುವುದು ಇವೆಲ್ಲ ನಡೆದವು. ಸಂಸ್ಥಾನದ ಪ್ಲೇಗು ಕಮಿಷನರಾಗಿ ವಿ. ಪಿ. ಮಾಧವರಾಯರು ನೇಮಕಗೊಂಡರು. ಅಧಿಕಾರಿಗಳಲ್ಲಿ ಹಗಲಿರುಳು ದುಡಿದವರಿದ್ದರು. ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ತಾಯಿಯಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಬೇರ್ಪಡಿಸಿ ಒಯ್ಯುವಾಗ ಒಂದು ಮಾತು ತಿಳಿಯಹೇಳುವವರು ಕಡಿಮೆ. ಜನ ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು. ಸತ್ತವರನ್ನು ರಾತ್ರಿ ಗುಟ್ಟಾಗಿ ಹೂಳಿದರು. ರೋಗಕ್ಕಿಂತ ಸರ್ಕಾರದ ಭಯ ದೊಡ್ಡದಾಯಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಅವರ ಮೇಲೆ 1897ರ ಜೂನ್ 22ರಂದು ಗುಂಡು ಹಾರಿದುದಕ್ಕೆ ಇಂಥ ಮನೆಶೋಧನೆಗಳಿಂದ ಹುಟ್ಟಿದ ಆಕ್ರೋಶವೇ ಹಿನ್ನೆಲೆ.

ಆಪತ್ಕಾಲದಲ್ಲಿ ಎಲ್ಲರೂ ದೇವರ ಮೊರೆಹೋದರು. ಹಿಂದೂ ಬಾಂಧವರು ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟಿದರು. ಇಂಥ ಗುಡಿಗಳು ಬೆಂಗಳೂರಿನ ಹಲವು ಕಡೆ ಇಂದಿಗೂ ಇವೆ. ಸಂತ ಸೆಬಾಸ್ಟಿಯನ್ನರೂ ಸಂತ ರೋಕ್ ಅವರೂ ಇಂಥ ಮಾರಿಯ ಕಾಲದಲ್ಲಿ ಕಥೋಲಿಕರು ಶತಮಾನಗಳಿಂದ ಮೊರೆಯಿಡುತ್ತ ಬಂದ ಸಂತರು. ಸಂತ ರೋಕ್ ಅವರ ಪ್ರತಿಮೆಯಲ್ಲಿ ಅವರು ತಮ್ಮ ತೊಡೆಯ ಮೇಲಿನ ಪ್ಲೇಗಿನ ಹುಣ್ಣನ್ನು ತೋರಿಸುತ್ತ ನಿಂತಿರುತ್ತಾರೆ. ರೋಗವನ್ನು ಬಚ್ಚಿಡದೆ ತೋರಿಸುವ ಸಂತರು ಅವರು.

ಮಲ್ಲೇಶ್ವರ, ಬಸವನಗುಡಿಗಳ ನಕ್ಷೆ ಪ್ಲೇಗಿಗೆ ಮೊದಲೇ ಸಿದ್ಧವಾಗಿದ್ದರೂ ಪೇಟೆಯ ಜನ ಅಲ್ಲಿಗೆ ಧಾವಿಸಿದ್ದು ಪ್ಲೇಗಿನ ತರುವಾಯ. ದಂಡಿನ ಕಡೆ ಇಕ್ಕಟ್ಟಿನ ಓಣಿಗಳ ಜನರಿಗಾಗಿ 20ನೆಯ ಶತಮಾನದ ಮೊದಲ ದಶಕದಲ್ಲಿ ಫ್ರೇಜರ್ ಟೌನ್ ಹುಟ್ಟಿತು. ಅಂದಿನ ರೆಸಿಡೆಂಟ್ ಸ್ಟೂಅರ್ಟ್ ಫ್ರೇಜರರ ಹೆಸರು ಅದಕ್ಕೆ ಬಂದಿತು. ಈಗ ಅದನ್ನು ಪುಲಕೇಶಿನಗರವೆಂದೂ ಕರೆಯುತ್ತಾರೆ. ಅದನ್ನು ಯೋಜಿಸಿದ ಜೆ. ಎಚ್. ಸ್ಟೀಫನ್ಸ್ ಎಂಬ ಪೌರಾಧಿಕಾರಿಯು ಪ್ಲೇಗು ತಾಗದಂತೆ ಊರು ಕಟ್ಟುವ ಬಗೆಯನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅಗಲವಾದ ನೇರ ರಸ್ತೆ, ಮನೆಗೆ ಗಾಳಿ ಬೆಳಕು, ಇಲಿ ಬಿಲ ತೋಡಲಾಗದ ಅಡಿಪಾಯ, ಹಿಂದೆ ಕಸ ತೆಗೆಯಲು ಬೇರೆ ಓಣಿ ಇವು ಅವರ ಸೂತ್ರಗಳು. ಇಂದು ನಾವು ಸಂಜೆ ತಿರುಗಾಡಲು ಹೋಗುವ ಆ ಮರಗಳ ಸಾಲಿನ ರಸ್ತೆಗಳು ಇಲಿಯ ಭಯದಿಂದ ಹುಟ್ಟಿದವು.

ಹಿಂದಿನ ಓಣಿ

ಮನೆಗಳ ಹಿಂದಿನ ಆ ಓಣಿಗಳನ್ನು ‘ಕನ್ಸರ್ವೆನ್ಸಿ’ ಎಂದು ನಮ್ಮವರು ಇಂದಿಗೂ ಕರೆಯುತ್ತಾರೆ. ಪ್ರತಿದಿನ ಬೆಳಗಿನ ಜಾವ ಆ ಓಣಿಯಲ್ಲಿ ಬಂದು ಮಲದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತೊಯ್ದವರು ಹೆಂಗಸರೂ ಗಂಡಸರೂ ಆದ ಪೌರ ಸೇವಕರು. ಊರಿನ ಆರೋಗ್ಯವು ಅವರ ತಲೆಯ ಮೇಲೆ ನಿಂತಿತ್ತು. ಆದರೆ ಮುಂಬಾಗಿಲಿನಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಹಲವು ದೇವಾಲಯಗಳಲ್ಲಿ ಅವರಂಥವರಿಗೆ ಹಿಂದಿನ ಸಾಲೇ ಮೀಸಲಾಗಿತ್ತೆಂಬುದನ್ನು ನಾವು ದುಃಖದಿಂದ ಒಪ್ಪಿಕೊಳ್ಳಬೇಕು. ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾನೂನುಗಳು ಬಂದವು. ಆದರೂ ಮನುಷ್ಯರು ಚರಂಡಿಯ ಗುಂಡಿಗಿಳಿದು ಉಸಿರುಗಟ್ಟಿ ಸಾಯುವುದು ಈ ದೇಶದಲ್ಲಿ ನಿಂತಿಲ್ಲ. ವಿಜ್ಞಾನಿಗಳ ಹೆಸರನ್ನು ಗೌರವದಿಂದ ಹೇಳುವಾಗ, ಹೆಸರೇ ಉಳಿಯದ ಈ ಜನರನ್ನು ಮರೆಯುವುದು ಕೃತಘ್ನತೆಯಾಗುತ್ತದೆ.

ಕೊನೆಯ ಮಾತು

ತೊಟ್ಟಿ, ಬಾವಿ, ಇಲಿ ಇವು ಎಲ್ಲರ ಕಣ್ಣಿಗೂ ದಿನವೂ ಬೀಳುತ್ತಿದ್ದವು. ನಿಂತು ನೋಡಿದವರು ಕೆಲವರೇ. ನೋಡಿದವರ ಮಾತನ್ನು ಕೇಳಲು ಮಿಕ್ಕವರಿಗೆ ವರ್ಷಗಳು ಬೇಕಾದವು; ಆ ವರ್ಷಗಳಲ್ಲಿ ಸತ್ತವರು ಎಷ್ಟೋ ಮಂದಿ. ನಮ್ಮ ಮನೆಯ ತೊಟ್ಟಿಯನ್ನು ನೋಡಲು ಬಂದ ಆಶಾ ಕಾರ್ಯಕರ್ತೆಗೂ ನಾವು ಮೊದಲು ಹೇಳಿದ್ದು ‘ಇಲ್ಲಿ ಏನೂ ಇಲ್ಲ’ ಎಂದೇ. 1883ರ ಆ ಸೈನ್ಯಾಧಿಕಾರಿಗೂ ನಮಗೂ ಹೆಚ್ಚಿನ ಅಂತರವಿರಲಿಲ್ಲ.

ಆದುದರಿಂದ ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ವಿಚಾರಣೆಯ ಕುಟುಂಬಗಳಲ್ಲಿ ಮೂರು ವಿಷಯಗಳನ್ನು ಬೇಡಿಕೊಳ್ಳುತ್ತೇವೆ. ಪ್ರತಿ ಭಾನುವಾರ ಪೂಜೆಯಿಂದ ಮನೆಗೆ ಹೋದ ಮೇಲೆ ಡ್ರಮ್ಮು, ಹೂಕುಂಡದ ತಟ್ಟೆ, ಹಳೆಯ ಟೈರು, ಸಂಪಿನ ಮುಚ್ಚಳ ಇವುಗಳನ್ನು ಒಮ್ಮೆ ನೋಡಿರಿ. ಡೆಂಗಿಯ ಸೊಳ್ಳೆಯು ಮನೆಯ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ನವೆಂಬರ್ 2ರಂದು ಮೃತರ ಸ್ಮರಣೆಗಾಗಿ ಸಮಾಧಿಗೆ ಹೋಗುವಾಗ ಹೂದಾನಿಗೆ ನೀರಿನ ಬದಲು ಒದ್ದೆ ಮರಳು ತುಂಬಿರಿ. ಸತ್ತವರ ಮೇಲಿನ ಪ್ರೀತಿಯು ಬದುಕಿರುವವರ ಮಗುವಿಗೆ ಜ್ವರವಾಗಬಾರದು. ಬೀದಿ ಗುಡಿಸುವವರು ನಿಮ್ಮ ಬಾಗಿಲಿಗೆ ಬಂದಾಗ ಅವರ ಹೆಸರು ಕೇಳಿ ತಿಳಿದುಕೊಳ್ಳಿರಿ, ಕುಡಿಯಲು ನೀರು ಕೊಡಿರಿ. ಬಾಯಾರಿದವನಿಗೆ ಕೊಟ್ಟ ನೀರು ತನಗೇ ಕೊಟ್ಟಂತೆ ಎಂದು ಪ್ರಭುವು ನಮಗೆ ತಿಳಿಸಿದ್ದಾನೆ.

ಗುರುನಿವಾಸದ ಹಿಂದಿನ ಬಾವಿಯ ಚಪ್ಪಡಿಯನ್ನು ತೆಗೆಸಿ, ಹೂಳೆತ್ತಿಸಿ, ನೀರನ್ನು ಪರೀಕ್ಷೆ ಮಾಡಿಸಿ, ಬಲೆಯ ಮುಚ್ಚಳ ಹಾಕಿಸಬೇಕೆಂದು ನಾವು ಸಂಕಲ್ಪ ಮಾಡಿದ್ದೇವೆ. ಆ ಅಜ್ಜಿಯ ಕೈಯಿಂದಲೇ ಮೊದಲ ಕೊಡ ಸೇದಿಸಬೇಕೆಂಬುದು ನಮ್ಮ ಆಸೆ. ದೇವರು ಅವರಿಗೆ ಆಯುಸ್ಸನ್ನು ಕೊಡಲಿ. ನಮಗೆ ಕಣ್ಣನ್ನು ಕೊಡಲಿ.